ಬೆಂಕಿ ಹಾಕುವವರ ನಾಡಿನಲ್ಲಿ ಅಪ್ಪನ ಜೊತೆ ಏಳು ದಿನ

ಅಪ್ಪ ಆಸ್ಟ್ರೇಲಿಯಾದ ಪರ್ತ್‌ಗೆ, ನಮ್ಮ ಮನೆಗೆ ಬಂದು ಆರು ವಾರ ಆಗಿತ್ತು. ಬೀಚು, ಕಿಂಗ್ಸ್ ಪಾರ್ಕ್, ದೇವಸ್ಥಾನ ಎಲ್ಲಾ ನೋಡಿ ಮುಗಿದಿತ್ತು. ಒಂದು ಬೆಳಗ್ಗೆ ಕಾಫಿ ಕುಡಿಯುತ್ತಾ, "ಈ ದೇಶದಲ್ಲಿ ಕಾಡು ಎಲ್ಲವ್ವ ಇರೋದು?" ಅಂತ ಕೇಳಿದರು.

ನಾವು ಯಳಂದೂರು ಕಡೆಯವರು. ಬಿಳಿಗಿರಿರಂಗನ ಬೆಟ್ಟದ ಬುಡದ ಊರು. ಅಪ್ಪನದು ಬೇಸಾಯ. ಆದರೆ ಇಪ್ಪತ್ತಕ್ಕೂ ಹೆಚ್ಚು ಬೇಸಿಗೆಗಳಲ್ಲಿ ಫೈರ್ ವಾಚರ್ ಆಗಿ ಕಾಡಿನಲ್ಲಿ ದುಡಿದಿದ್ದಾರೆ. ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿಯನ್ನು ಬಡಿದು ಬಡಿದು ಆರಿಸಿದ ಕೈ ಅವರದು. ಎಡ ಮೊಣಕೈ ಹತ್ತಿರ ಸುಟ್ಟ ಕಲೆ ಈಗಲೂ ಇದೆ. ಅಂಥವರಿಗೆ ತೋರಿಸುವ ಕಾಡು ಅಂದರೆ ನನಗೆ ಹೊಳೆದದ್ದು ಕಾರಿಜಿನಿ ರಾಷ್ಟ್ರೀಯ ಉದ್ಯಾನ. ಪರ್ತ್‌ನಿಂದ ಸುಮಾರು 1400 ಕಿಲೋಮೀಟರ್ ಉತ್ತರಕ್ಕೆ, ಪಿಲ್ಬರಾದ ಹ್ಯಾಮರ್ಸ್ಲಿ ಪ್ರಸ್ಥಭೂಮಿಯ ಮೇಲೆ. ಮರ ಕಡಿಮೆ. ಹುಲ್ಲು ಜಾಸ್ತಿ. ಆ ಹುಲ್ಲಿನ ಹೆಸರು ಸ್ಪಿನಿಫೆಕ್ಸ್.

ಮೊದಲನೇ ದಿನ: ಮೌಂಟ್ ಮ್ಯಾಗ್ನೆಟ್‌ವರೆಗೆ

ಜುಲೈ ಕೊನೆಯ ವಾರ ಹೊರಟೆವು. ನಾನು, ಇವರು, ಅಪ್ಪ. ವೂಬಿನ್ ದಾಟುವವರೆಗೆ ಎರಡೂ ಕಡೆ ಹಸಿರು ಗೋಧಿ ಹೊಲ. ಆಮೇಲೆ ಹೊಲ ನಿಂತುಹೋಗಿ ಕೆಂಪು ಮಣ್ಣು, ಬೂದು ಹಸಿರಿನ ಕುರುಚಲು ಗಿಡ ಶುರುವಾಯಿತು. ಮುಲ್ಗಾ ಅಂತ ಇದರ ಹೆಸರು. ಎಲೆಯೆಲ್ಲಾ ಮೇಲಕ್ಕೆ ಮುಖ ಮಾಡಿರುತ್ತದೆ. ಬಿದ್ದ ಮಳೆ ಕೊಂಬೆ ಹಿಡಿದು ಇಳಿದು ಬುಡಕ್ಕೇ ಸೇರುತ್ತದೆ. ಅಪ್ಪ ಒಂದು ಕಾಯಿ ಬಿಡಿಸಿ ನೋಡಿ "ಜಾಲಿ ಜಾತಿ" ಅಂದರು. ಸರಿಯಾಗಿಯೇ ಹೇಳಿದರು, ಇದೂ ಅಕೇಶಿಯಾ.

ಸಂಜೆ ಐದಕ್ಕೆಲ್ಲಾ ಕಾರು ನಿಲ್ಲಿಸಿಬಿಟ್ಟೆವು. ಈ ರಸ್ತೆಯಲ್ಲಿ ಕತ್ತಲಾದ ಮೇಲೆ ಓಡಿಸಬಾರದು. ಕಾಂಗರೂ, ದನ ಯಾವಾಗ ಅಡ್ಡ ಬರುತ್ತವೋ ಹೇಳಲಾಗುವುದಿಲ್ಲ.

ಎರಡನೇ ದಿನ: ನ್ಯೂಮನ್‌ವರೆಗೆ

ಸುಮಾರು 600 ಕಿಲೋಮೀಟರ್ ಒಂದೇ ರಸ್ತೆ. ಐವತ್ತು ಮೀಟರ್‌ಗಿಂತ ಉದ್ದದ ರೋಡ್ ಟ್ರೈನ್‌ಗಳು (ಹಲವು ಟ್ರೇಲರ್ ಎಳೆಯುವ ಲಾರಿಗಳು) ಎದುರು ಬಂದಾಗ ಕಾರು ಒಮ್ಮೆ ನಡುಗುತ್ತದೆ. ಓವರ್‌ಟೇಕ್ ಮಾಡಲು ಆತುರ ಪಡಬೇಡಿ. ಒಂದು ಕಿಲೋಮೀಟರ್ ಖಾಲಿ ರಸ್ತೆ ಕಂಡರೆ ಮಾತ್ರ ಮುಂದೆ ಹೋಗಿ.

ಕುಮಾರಿನಾ ರೋಡ್‌ಹೌಸಿನಲ್ಲಿ ಚಹಾ ಕುಡಿದು, ಮನೆಯಿಂದ ತಂದ ಪುಳಿಯೋಗರೆ ತಿಂದು ಹೊರಟೆವು. ಸ್ವಲ್ಪ ಹೊತ್ತಿಗೆ ಗುಡ್ಡಗಳು ಬಂದವು. ಗುಡ್ಡದ ತುಂಬಾ ಹಳದಿ ಬಣ್ಣದ ಗುಂಡು ಗುಂಡು ಪೊದೆಗಳು. ದೂರದಿಂದ ಕುರಿ ಮಂದೆ ಮಲಗಿದ ಹಾಗೆ ಕಾಣುತ್ತದೆ. ಅಪ್ಪ ಕಾರು ನಿಲ್ಲಿಸಲು ಹೇಳಿದರು. ಇಳಿದು ಹೋಗಿ, ಭತ್ತದ ಪೈರು ಸವರುವ ಹಾಗೆ ಅಂಗೈಯಿಂದ ಸವರಿದರು. ತಕ್ಷಣ ಕೈ ಹಿಂದಕ್ಕೆ ಎಳೆದುಕೊಂಡರು.

"ಇದು ಹುಲ್ಲಲ್ಲ ಕಣವ್ವ, ಸೂಜಿ ಡಬ್ಬಿ!"

ಎಲೆ ನೀರು ಉಳಿಸಿಕೊಳ್ಳಲು ಬಿಗಿಯಾಗಿ ಸುರುಳಿ ಸುತ್ತಿಕೊಂಡು ಸೂಜಿಯಾಗಿದೆ. ಅದರಲ್ಲಿ ಸಿಲಿಕಾ ಇದೆ, ಹಾಗಾಗಿ ಗಟ್ಟಿ. ಚುಚ್ಚಿದರೆ ತುದಿ ಮುರಿದು ಚರ್ಮದೊಳಗೇ ಉಳಿಯುತ್ತದೆ. ಸಸ್ಯಶಾಸ್ತ್ರದಲ್ಲಿ ಇದರ ಕುಲ ಟ್ರಯೋಡಿಯಾ. ಆಸ್ಟ್ರೇಲಿಯಾ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ನಿಜವಾದ ಸ್ಪಿನಿಫೆಕ್ಸ್ ಕುಲದ ಹುಲ್ಲು ಬೇರೆಯೇ ಇದೆ. ಅದು ನಮ್ಮ ಕರಾವಳಿಯ ಮರಳಿನಲ್ಲೂ ಇದೆ, ತಮಿಳರು ಅದನ್ನು ರಾವಣನ ಮೀಸೆ ಅನ್ನುತ್ತಾರೆ. ಹೆಸರು ಅದರದು, ಇಲ್ಲಿ ಅಂಟಿಕೊಂಡಿರುವುದು ಈ ಹುಲ್ಲಿಗೆ.

ನ್ಯೂಮನ್‌ನಲ್ಲಿ ರಾತ್ರಿ ಕಳೆದೆವು. ಗಣಿ ಊರು. ಕೆಂಪು ಧೂಳು ನೋಡಿ ಇವರಿಗೆ ಸಂಡೂರು ನೆನಪಾಯಿತಂತೆ.

ಮೂರನೇ ದಿನ: ಕಾರಿಜಿನಿ, ಡೇಲ್ಸ್ ಕಮರಿ

ನ್ಯೂಮನ್‌ನಲ್ಲೇ ಪೆಟ್ರೋಲ್ ಪೂರ್ತಿ ತುಂಬಿಸಿಕೊಂಡೆವು. ಪಾರ್ಕಿನೊಳಗೆ ಬಂಕ್ ಇಲ್ಲ. ಕುಡಿಯುವ ನೀರನ್ನೂ ಕ್ಯಾನ್‌ಗಳಲ್ಲಿ ಒಯ್ದೆವು. ಅಲ್ಲಿಂದ ಡೇಲ್ಸ್‌ಗೆ ಸುಮಾರು 200 ಕಿಲೋಮೀಟರ್.

ಮೊದಲು ಹೋದದ್ದು ಪಾರ್ಕಿನ ಮಾಹಿತಿ ಕೇಂದ್ರಕ್ಕೆ. ಈ ಕಟ್ಟಡ ನನಗೆ ಬಹಳ ಇಷ್ಟ. ತುಕ್ಕು ಹಿಡಿದ ಉಕ್ಕಿನ ಗೋಡೆಗಳು ನೆಲದಲ್ಲಿ ಉಡ ಹರಿದುಹೋಗುವ ಆಕಾರದಲ್ಲಿವೆ. ಸುತ್ತ ಹುಲ್ಲಿಗೆ ಬೆಂಕಿ ಬಿದ್ದರೂ ತಡೆದುಕೊಳ್ಳಲಿ ಅಂತಲೇ ಹೀಗೆ ಕಟ್ಟಿದ್ದಾರೆ. ಇದು ಬನ್ಯಿಮಾ, ಯಿನ್ಹವಾಂಗ್ಕಾ, ಕುರ್ರಮಾ ಅನ್ನುವ ಮೂಲನಿವಾಸಿ ಜನರ ನೆಲ. 1969ರಲ್ಲಿ ಹ್ಯಾಮರ್ಸ್ಲಿ ರೇಂಜ್ ಅನ್ನುವ ಹೆಸರಿನಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1991ರಲ್ಲಿ ಕಾರಿಜಿನಿ ಅನ್ನುವ ಹೆಸರು ಬಂತು. ಹಳೆಯ ನಕ್ಷೆಗಳಲ್ಲಿ ಹತ್ತಿರದಲ್ಲೇ ವಿಟ್ಟನೂಮ್ ಅಂತ ಕಾಣುತ್ತದೆ. ಅತ್ತ ಮಾತ್ರ ಹೋಗಬೇಡಿ. ಹಳೆಯ ಕಲ್ನಾರಿನ ಗಣಿ, ಗಾಳಿಯಲ್ಲೇ ವಿಷ.

ಟೆಂಟ್ ಹಾಕಿ ಫೋರ್ಟೆಸ್ಕ್ಯೂ ಜಲಪಾತಕ್ಕೆ ಇಳಿದೆವು. ಸುಮಾರು 250 ಕೋಟಿ ವರ್ಷ ಹಳೆಯ ಕಬ್ಬಿಣದ ಬಂಡೆ, ಪುಸ್ತಕದ ಹಾಳೆ ಜೋಡಿಸಿದ ಹಾಗೆ ಪದರ ಪದರ. ನೀರು ಮಂಜುಗಡ್ಡೆಯಷ್ಟು ತಣ್ಣಗೆ. ಮೇಲೆ ಬಿಸಿಲಿನಲ್ಲಿ ಒಣಗಿದ ಗುಡ್ಡ, ಕೆಳಗೆ ಜರೀಗಿಡ. ಬೆಂಕಿ ಮುಟ್ಟದ ಜಾಗ ಅಂದರೆ ಇಂಥ ಕಮರಿಗಳೇ.

ಹತ್ತಿ ಬರುವಾಗ ಅಪ್ಪ ಒಂದು ಬಳೆಯ ಮುಂದೆ ನಿಂತರು. ನಿಜಕ್ಕೂ ಬಳೆಯೇ. ಹಳೆಯ ಸ್ಪಿನಿಫೆಕ್ಸ್ ಹೊರಕ್ಕೆ ಹೊರಕ್ಕೆ ಬೆಳೆಯುತ್ತಾ ನಡುವೆ ಸತ್ತುಹೋಗುತ್ತದೆ. ಅಂಚು ಮಾತ್ರ ಜೀವಂತ ಉಳಿದು ದುಂಡಗೆ ಉಂಗುರವಾಗುತ್ತದೆ. ಆ ಬಳೆಯೊಳಗೆ ಒಂದು ಪುಟ್ಟ ಹಲ್ಲಿ ಬಿಸಿಲು ಕಾಯಿಸುತ್ತಿತ್ತು. ನಮ್ಮ ನೆರಳು ಬಿದ್ದದ್ದೇ ಸೂಜಿಗಳ ನಡುವೆ ನುಗ್ಗಿ ಮಾಯವಾಯಿತು. ಯಾವ ಹಕ್ಕಿಯೂ ಅದರ ಹಿಂದೆ ಅಲ್ಲಿಗೆ ಕೊಕ್ಕು ಹಾಕಲಾರದು. ಹಲ್ಲಿ, ಅರಣೆಗಳು ಇಷ್ಟೊಂದು ಬಗೆಯವು ಇರುವ ನಾಡು ಲೋಕದಲ್ಲೇ ಕಡಿಮೆ. ಅದಕ್ಕೆ ಈ ಮುಳ್ಳಿನ ಮನೆಯೂ ಒಂದು ಕಾರಣ. ಅದನ್ನು ನೋಡಲು ಬಗ್ಗಿದ ಅಪ್ಪನ ಕಾಲ್ಚೀಲದ ಮೇಲೆ ಸೂಜಿ ನುಗ್ಗಿತು. ರಾತ್ರಿ ಟಾರ್ಚ್ ಬೆಳಕಿನಲ್ಲಿ ಚಿಮಟದಿಂದ ಐದು ತೆಗೆದೆ. ಆರನೆಯದು ಸಿಗಲಿಲ್ಲ. ಇಲ್ಲಿಗೆ ಬರುವವರು ಚಿಮಟ ತರಲೇಬೇಕು. ಮೊಣಕಾಲವರೆಗೆ ದಪ್ಪ ಬಟ್ಟೆಯ ಗೇಟರ್ ಸಿಕ್ಕರೆ ಇನ್ನೂ ಒಳ್ಳೆಯದು.

ಪಾರ್ಕಿನಲ್ಲಿ ಸೌದೆ ಒಲೆ ಹಚ್ಚುವಂತಿಲ್ಲ. ಗ್ಯಾಸ್ ಒಲೆಯ ಮೇಲೆ ಅಪ್ಪನೇ ಮುದ್ದೆ ತಿರುವಿದರು. ಹಗಲು ಹಿತವಾದ ಬಿಸಿಲಿತ್ತು, ರಾತ್ರಿ ಹಲ್ಲು ಕಟಕಟ. ಇವರ ಅವ್ವ ಗದಗಿನಲ್ಲಿ ಹೊಲಿದು ಕೊಟ್ಟ ಕೌದಿಯನ್ನು ಅಪ್ಪನಿಗೆ ಹೊದಿಸಿದೆವು.

ನಾಲ್ಕನೇ ದಿನ: ಹೊಗೆ

ಬೆಳಗ್ಗೆ ಜೋಫ್ರಿ ಕಮರಿ ನೋಡಿದೆವು. ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಆ ದಿನ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ.

ಮಧ್ಯಾಹ್ನ ಮೂರರ ಮೇಲೆ ವಾಪಸ್ ಬರುವಾಗ ಮುಂದೆ ಹೊಗೆ ಕಂಡಿತು. ಅಪ್ಪ ಸೀಟಿನಿಂದ ಮುಂದಕ್ಕೆ ಬಾಗಿದರು. "ಬೆಂಕಿ ಬಿದ್ದೈತೆ. ಹೇಳಬೇಕಲ್ಲ ಯಾರಿಗಾದರೂ." ತಿರುವು ದಾಟಿದರೆ ರಸ್ತೆ ಬದಿಯಲ್ಲಿ ನೀರಿನ ಟ್ಯಾಂಕ್ ಹೊತ್ತ ಗಾಡಿಗಳು, ಹಳದಿ ಅಂಗಿಯ ಐದಾರು ಜನ. ಒಬ್ಬ ಕೈಯಲ್ಲಿ ಕೊಳವೆ ಇರುವ ಡಬ್ಬಿ ಹಿಡಿದು ನಡೆಯುತ್ತಿದ್ದ. ಕೊಳವೆಯ ತುದಿಯಿಂದ ಉರಿಯುವ ಎಣ್ಣೆ ತೊಟ್ಟು ತೊಟ್ಟಾಗಿ ಹುಲ್ಲಿನ ಮೇಲೆ ಬೀಳುತ್ತಿತ್ತು. ಬೆಂಕಿ ಹಾಕುತ್ತಿದ್ದವರು ಅವರೇ.

ಅಪ್ಪ ಮಾತಾಡಲಿಲ್ಲ. ಇಪ್ಪತ್ತು ನಿಮಿಷ ಕಾಯಬೇಕು ಅಂತ ಒಬ್ಬ ರೇಂಜರಮ್ಮ ಬಂದು ಹೇಳಿದರು. ಅಪ್ಪನ ಕೆಲಸದ ಬಗ್ಗೆ ನಾನು ಹೇಳಿದ್ದೇ ಅವರ ಮುಖ ಅರಳಿತು. ಗಾಳಿಗೆ ಬೆನ್ನು ಕೊಟ್ಟು ದೂರದಲ್ಲಿ ನಿಂತು ನೋಡಲು ಬಿಟ್ಟರು.

ಒಂದು ಪೊದೆ ಉರಿಯುವುದನ್ನು ಹತ್ತಿರದಿಂದ ಕಂಡೆ. ಬುಡದಲ್ಲಿ ಹತ್ತಿದ್ದು ಎರಡು ಉಸಿರಿನಷ್ಟರಲ್ಲಿ ತಲೆ ಮುಟ್ಟಿತು. ಕಾದ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಸದ್ದು. ಹಸಿರು ಇದ್ದರೂ ಉರಿಯುತ್ತದೆ, ಯಾಕೆಂದರೆ ಕೆಲವು ಬಗೆಯ ಸ್ಪಿನಿಫೆಕ್ಸ್‌ನಲ್ಲಿ ಅಂಟು ತುಂಬಿರುತ್ತದೆ. ಕಪ್ಪು ಹೊಗೆ, ಧೂಪದ ವಾಸನೆ. ಆದರೆ ಪಕ್ಕದ ಪೊದೆಗೆ ಹೋಗಲು ನಡುವೆ ಬರಿ ನೆಲ. ಜ್ವಾಲೆ ನೆಟ್ಟಗೆ ನಿಂತಿತ್ತು. ಗಾಳಿ ಒಮ್ಮೆ ಬೀಸಿತು. ಜ್ವಾಲೆ ವಾಲಿ ಆಚೆ ಪೊದೆಯನ್ನು ನೆಕ್ಕಿತು. ಗಾಳಿ ನಿಂತರೆ ಬೆಂಕಿ ಅಲ್ಲಲ್ಲೇ ಸಾಯುತ್ತದೆ. ಈ ನೆಲದ ಬೆಂಕಿಯ ಗುಟ್ಟು ಇದೇ. ನಮ್ಮ ಕಾಡಿನ ತರಗೆಲೆ ಬೆಂಕಿ ಹಾಗಲ್ಲ, ಅದು ನೆಲದ ಮೇಲೆ ತೆವಳಿಕೊಂಡು ಹೋಗುತ್ತದೆ.

ಮೇಲೆ ಹದ್ದುಗಳು ಬಂದವು. ಹೊಗೆಯಿಂದ ಓಡುವ ಮಿಡತೆ, ಹಲ್ಲಿ ಹಿಡಿಯಲು. ನಮ್ಮೂರಿನಲ್ಲಿ ಹಾರುವ ಅದೇ ಕಪ್ಪು ಹದ್ದು. ಅಪ್ಪ ಆ ದೇಶದಲ್ಲಿ ಗುರುತು ಹಿಡಿದ ಮೊದಲ ಹಕ್ಕಿ.

ಆಮೇಲೆ ಅಪ್ಪ ಕೇಳಿದ ಪ್ರಶ್ನೆ ಒಂದೇ. "ಫೈರ್ ಲೈನ್ ಎಲ್ಲೈತೆ? ಎಲ್ಲಿ ನಿಲ್ಲಿಸ್ತೀರ ಇದನ್ನ?"

ಫೈರ್ ಲೈನ್ ಅಂದರೆ ಬೆಂಕಿ ದಾಟದ ಹಾಗೆ ಬೋಳು ಮಾಡಿದ ಪಟ್ಟಿ. ನಾನು ಇಂಗ್ಲಿಷಿನಲ್ಲಿ ಹೇಳಿದೆ. ರೇಂಜರಮ್ಮ ಒಂದು ಕಡೆ ಬಂಡೆಯ ಸಾಲು ತೋರಿಸಿದರು. ಇನ್ನೊಂದು ಕಡೆ ಹೋದ ವರ್ಷ ಸುಟ್ಟ ಬಯಲು ತೋರಿಸಿದರು. ಅಲ್ಲಿ ಉರಿಯಲು ಏನೂ ಇಲ್ಲ. ಹೋದ ವರ್ಷದ ಬೆಂಕಿಯೇ ಈ ವರ್ಷದ ಫೈರ್ ಲೈನ್. ರಾತ್ರಿ ತಂಪಾಗಿ ಗಾಳಿ ಬಿದ್ದರೆ ಉಳಿದದ್ದೂ ಆರುತ್ತದೆ. ರಸ್ತೆ ಇಲ್ಲದ ಕಡೆ ವಿಮಾನದಿಂದ ಪುಟ್ಟ ಪ್ಲಾಸ್ಟಿಕ್ ಗುಂಡು ಉದುರಿಸುತ್ತಾರೆ. ಒಳಗೆ ಪೊಟ್ಯಾಸಿಯಂ ಪರ್ಮಾಂಗನೇಟ್. ಬೀಳಿಸುವ ಮುಂಚೆ ಅದಕ್ಕೆ ಗ್ಲೈಕಾಲ್ ಅನ್ನುವ ದ್ರವ ಚುಚ್ಚುತ್ತಾರೆ. ನೆಲ ಸೇರಿದ ಮೇಲೆ ತಾನೇ ಹೊತ್ತಿಕೊಳ್ಳುತ್ತದೆ. "ನಮ್ಮ ಬಾವಿಗೆ ಹಾಕ್ತಿದ್ದ ನೇರಳೆ ಪುಡಿನಾ?" ಅಂದರು ಅಪ್ಪ. ಅದೇ.

ಇದನ್ನು ಯಾಕೆ ಮಾಡುತ್ತಾರೆ ಅಂತ ತಿಳಿಯಲು ಆ ಬಯಲಿನ ಅಂಚಿನಲ್ಲಿ ಹತ್ತು ಹೆಜ್ಜೆ ನಡೆದರೆ ಸಾಕು. ಹೋದ ವರ್ಷ ಸುಟ್ಟ ಕಡೆ ಗುಲಾಬಿ ಬಣ್ಣದ ಮುಲ್ಲಾ ಮುಲ್ಲಾ ಹೂ, ಮೊಲದ ಬಾಲದಷ್ಟು ಮೆತ್ತಗೆ. ನೇರಳೆ ಹೂವಿನ ಒಂದು ಗಿಡ ನೋಡಿ ಅಪ್ಪ "ಬದನೆ" ಅಂದರು. ಬದನೆಯ ನೆಂಟನೇ, ಕಾಡು ಟೊಮೆಟೊ. ಕೆಲವು ತಿನ್ನುವಂಥವು, ಕೆಲವು ವಿಷ. ಗೊತ್ತಿಲ್ಲದೆ ಬಾಯಿಗೆ ಹಾಕಬೇಡಿ. ಸ್ಪಿನಿಫೆಕ್ಸ್ ಮತ್ತೆ ದಟ್ಟವಾಗಲು ವರ್ಷಗಳು ಬೇಕು. ಆ ಬಿಡುವಿನಲ್ಲಿ ಮಣ್ಣಿನಲ್ಲಿ ಕಾದಿದ್ದ ಬೀಜಗಳೆಲ್ಲಾ ಮೇಲೇಳುತ್ತವೆ. ಕೆಲವು ಬೀಜಕ್ಕೆ ಹೊಗೆಯೇ ಎಚ್ಚರಿಕೆ ಗಂಟೆ. ಈಚೆ ಕಡೆ ಹಳೆಯ ಸ್ಪಿನಿಫೆಕ್ಸ್. ಅಲ್ಲಿ ಹೂ ಇಲ್ಲ, ಆದರೆ ಅಡಗುವ ಜಾಗ ಇದೆ. ನೈಟ್ ಪ್ಯಾರಟ್ ಅನ್ನುವ ರಾತ್ರಿಯ ಗಿಳಿ ಇಂಥ ಹಳೆಯ ಪೊದೆಯೊಳಗೇ ಗೂಡು ಮಾಡುತ್ತದೆ. ಕಣ್ಮರೆಯಾಗಿತ್ತು ಅಂದುಕೊಂಡಿದ್ದ ಆ ಗಿಳಿಯನ್ನು ಈ ಪ್ರಸ್ಥಭೂಮಿಯ ಉತ್ತರಕ್ಕಿರುವ ಫೋರ್ಟೆಸ್ಕ್ಯೂ ಜೌಗಿನಲ್ಲಿ 2005ರಲ್ಲಿ ಕಂಡ ವರದಿ ಇದೆ. ಮೊದಲ ಫೋಟೊ ಸಿಕ್ಕಿದ್ದು 2013ರಲ್ಲಿ, ದೇಶದ ಆಚೆ ತುದಿಯ ಕ್ವೀನ್ಸ್‌ಲ್ಯಾಂಡಿನಲ್ಲಿ. ಮುಲ್ಗಾ ಇನ್ನೊಂದು ಕಥೆ. ಜೋರು ಬೆಂಕಿಗೆ ಸತ್ತುಹೋಗುತ್ತದೆ. ಬೀಜದಿಂದ ಹುಟ್ಟಿದ ಸಸಿ ಮತ್ತೆ ಬೀಜ ಬಿಡುವ ಮೊದಲೇ ಇನ್ನೊಂದು ಬೆಂಕಿ ಬಂದರೆ ಆ ತೋಪು ಮುಗಿದ ಹಾಗೆ.

ಹಾಗಾಗಿ ಒಂದಷ್ಟು ಹೊಸದಾಗಿ ಸುಟ್ಟದ್ದು, ಒಂದಷ್ಟು ಐದು ವರ್ಷದ್ದು, ಒಂದಷ್ಟು ಇಪ್ಪತ್ತು ವರ್ಷದ್ದು, ಎಲ್ಲಾ ಪಕ್ಕಪಕ್ಕದಲ್ಲಿ ಇರಬೇಕು. "ಕೌದಿ ಇದ್ದಂಗ ನೋಡ್ರಿ ಮಾವಾರ, ತುಂಡು ತುಂಡು" ಅಂದರು ಇವರು. ರೇಂಜರಮ್ಮನಿಗೆ ಆ ಮಾತನ್ನು ಹೇಳಲು ನನಗೆ ಎರಡು ನಿಮಿಷ ಬೇಕಾಯಿತು.

ಕೌದಿ ಹರಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ದಾಖಲೆ ಇದೆ. ಇಲ್ಲಿಂದ ಪೂರ್ವಕ್ಕೆ, ಮರುಭೂಮಿಯಲ್ಲಿ ಪಿಂಟುಪಿ ಅನ್ನುವ ಮೂಲನಿವಾಸಿ ಜನ ಇನ್ನೂ ತಮ್ಮ ನೆಲದಲ್ಲೇ ಬದುಕುತ್ತಿದ್ದಾಗ, 1953ರಲ್ಲಿ, ವಿಮಾನದಿಂದ ತೆಗೆದ ಚಿತ್ರಗಳವು. ರಾಕೆಟ್ ಪರೀಕ್ಷೆಯ ಕೆಲಸಕ್ಕೆ ತೆಗೆದವು. ಅವುಗಳಲ್ಲಿ ಸಣ್ಣ ಸಣ್ಣ ಸುಟ್ಟ ತುಂಡುಗಳು ತುಂಬಿವೆ. ಬೇಟೆಗೆ, ದಾರಿಗೆ, ಸುದ್ದಿ ಮುಟ್ಟಿಸಲು ಜನ ಹಚ್ಚಿದವು. ಜನರನ್ನು ಅಲ್ಲಿಂದ ಹೊರಗೆ ತಂದ ಮೇಲಿನ ಚಿತ್ರಗಳಲ್ಲಿ ಸಣ್ಣ ತುಂಡುಗಳು ಕಾಣೆಯಾಗಿ, ಸಿಡಿಲಿನಿಂದ ಹತ್ತಿದ ಒಂದೊಂದೇ ಬೆಂಕಿ ಸಾವಿರಾರು ಹೆಕ್ಟೇರ್ ತಿಂದ ಗುರುತು ಕಾಣುತ್ತದೆ. ಒಳ್ಳೆ ಮಳೆಯಾದ ವರ್ಷಗಳ ನಂತರ ಹುಲ್ಲು ಬೆಳೆದು ಒಣಗಿ ಕೂತಿರುತ್ತದೆ. ನವೆಂಬರ್‌ನ ಬಿಸಿ ಗಾಳಿಗೆ ಒಂದು ಸಿಡಿಲು ಸಾಕು.

ಬೆಂಕಿ ಹಾಕುತ್ತಿದ್ದ ಆ ತಂಡದಲ್ಲಿ ಒಬ್ಬ ಸ್ಥಳೀಯ ಹಿರಿಯರಿದ್ದರು. ಮಾತು ಕಡಿಮೆ. ಹುಲ್ಲಿನ ಅಂಟಿನ ವಾಸನೆ ಬಗ್ಗೆ ಕೇಳಿದಾಗ ಕೈಯಲ್ಲೇ ಅಭಿನಯಿಸಿ ತೋರಿಸಿದರು. ಹುಲ್ಲನ್ನು ಬಡಿಯುವುದು, ಯಾಂಡಿ ಅನ್ನುವ ಮರದ ತಟ್ಟೆಯಲ್ಲಿ ಅಲುಗಿಸಿ ಕಸ ಬೇರೆ ಮಾಡುವುದು, ಉಳಿದ ಪುಡಿಯನ್ನು ಬಿಸಿ ಮಾಡಿ ಉಂಡೆ ಕಟ್ಟುವುದು. ಕಲ್ಲಿನ ಕೊಡಲಿಗೆ ಹಿಡಿ ಅಂಟಿಸಲು ಅದೇ ಅಂಟು. ಅಲುಗಿಸುವ ಆ ಕೈ ಚಲನೆ ನೋಡಿ ಅಪ್ಪ ತಾವೂ ಕೈ ಎತ್ತಿ ಮೊರದಲ್ಲಿ ಕೇರಿ ತೋರಿಸಿದರು. ಇಬ್ಬರೂ ಒಂದು ಗಳಿಗೆ ಹಾಗೆಯೇ, ಖಾಲಿ ಕೈಯಲ್ಲಿ ಕೇರುತ್ತಾ ನಿಂತರು.

ಹೊರಡುವಾಗ ರೇಂಜರಮ್ಮ ರಸ್ತೆ ಪಕ್ಕದ ಒಂದು ಮೆತ್ತನೆಯ ಹುಲ್ಲು ಕಿತ್ತು ತೋರಿಸಿದರು. ಬಫೆಲ್ ಹುಲ್ಲು. ಅವರಿಗೆ ನಿಜವಾದ ಚಿಂತೆ ಇದರದು. ಸ್ಪಿನಿಫೆಕ್ಸ್ ನಡುವಿನ ಬರಿ ನೆಲವನ್ನು ಇದು ತುಂಬಿಬಿಡುತ್ತದೆ. ಆಗ ಬೆಂಕಿ ಗಾಳಿಗೆ ಕಾಯುವುದಿಲ್ಲ. ಸುಟ್ಟ ಮೇಲೆ ಎಲ್ಲರಿಗಿಂತ ಮೊದಲು ಚಿಗುರುವುದೂ ಇದೇ. ಹತ್ತೊಂಬತ್ತನೇ ಶತಮಾನದಲ್ಲಿ ಒಂಟೆಗಳ ತಡಿಯೊಳಗೆ ತುಂಬಿದ ಹುಲ್ಲಿನ ಜೊತೆ ಬಂತು ಅನ್ನುತ್ತಾರೆ. ಆಮೇಲೆ ಮೇವಿಗೆ ಅಂತ ಬೇಕೆಂದೇ ಬಿತ್ತಿದರು. ಉತ್ತರ ಭಾರತದಲ್ಲಿ ಅಂಜನ್ ಅಂತ ಮೇವಿಗೆ ಬೆಳೆಯುತ್ತಾರಲ್ಲ, ಅದೇ ಹುಲ್ಲು.

"ನಮ್ಮಲ್ಲಿ ಲಂಟಾನ ಬಂದಂಗೆ" ಅಂದರು ಅಪ್ಪ.

ರಾತ್ರಿ ಊಟ ಆದ ಮೇಲೆ ಅವರೇ ಮಾತು ತೆಗೆದರು. ಬೆಟ್ಟದ ಸೋಲಿಗರು ಹಿಂದೆ ಚಳಿ ಮುಗಿಯುವ ಹೊತ್ತಿಗೆ ತರಗು ಬೆಂಕಿ ಹಾಕುತ್ತಿದ್ದರು. ಮೊಣಕಾಲಿಗಿಂತ ಕೆಳಗಿನ ಬೆಂಕಿ, ತರಗೆಲೆ ಮಾತ್ರ ಸುಡುವಂಥದ್ದು. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ಬೆಂಕಿ ನಿಂತಿತು. ಆಮೇಲೆ ಲಂಟಾನ ತುಂಬಿತು, ನೆಲ್ಲಿ ಮರಗಳಿಗೆ ಬಂದಳಿಕೆ ಜಾಸ್ತಿಯಾಯಿತು ಅಂತ ಸೋಲಿಗ ಹಿರಿಯರು ಇವತ್ತಿಗೂ ಹೇಳುತ್ತಾರೆ. ಅಪ್ಪ ಅದನ್ನು ಎಷ್ಟೋ ಸಲ ಕೇಳಿದ್ದರು. "ನಾನು ತಲೆಗೆ ಹಾಕ್ಕೊಂಡಿರಲಿಲ್ಲ ಕಣವ್ವ. ನನ್ನ ಕೆಲಸ ಆರಿಸೋದು. 2019ರಲ್ಲಿ ಬಂಡೀಪುರ ಹತ್ತಿದಾಗ ಗೋಪಾಲಸ್ವಾಮಿ ಬೆಟ್ಟದ ಕಡೆ ಹೊಗೆ ನೋಡಿ ಅನ್ನ ಇಳಿದಿರಲಿಲ್ಲ."

ಲಂಟಾನ ತುಂಬಿದ ಕಾಡಿಗೆ ಈಗ ಸುಮ್ನೆ ಹೋಗಿ ಬೆಂಕಿ ಹಚ್ಚಿದರೆ ಅದು ತರಗು ಬೆಂಕಿಯಾಗುವುದಿಲ್ಲ, ಮರದ ತಲೆಗೇ ಏರುತ್ತದೆ. ಅದು ನನಗೂ ಗೊತ್ತು. ಆದರೆ ಬೆಂಕಿಯ ಲೆಕ್ಕ ತಿಳಿದವರು ಬೆಟ್ಟದಲ್ಲಿ ಇನ್ನೂ ಇದ್ದಾರೆ. ಅವರು ಇರುವಾಗಲೇ ಕೂತು ಕೇಳಬೇಕು, ಅಲ್ವಾ?

ಐದನೇ ದಿನ: ಪುನುರ್ರುನ್ಹಾ ಮತ್ತು ಕಾರಿನ ಕೆಳಗಿನ ಹುಲ್ಲು

ಮೌಂಟ್ ಬ್ರೂಸ್‌ನ ಮೂಲ ಹೆಸರು ಪುನುರ್ರುನ್ಹಾ. 1234 ಮೀಟರ್. ಪೂರ್ತಿ ಹತ್ತಲಿಲ್ಲ, ಮೊದಲ ನೋಟದ ಜಾಗದವರೆಗೆ ಹೋದೆವು. ದಾರಿಯಲ್ಲಿ ಬೆಣಚುಕಲ್ಲಿನ ಒಂದು ಪುಟ್ಟ ದಿಬ್ಬ ಕಂಡಿತು. ಎಲ್ಲಾ ಕಲ್ಲೂ ಕಡಲೆಕಾಳಿನಿಂದ ಹುಣಸೆ ಬೀಜದಷ್ಟು. ಕಲ್ಲುಗುಡ್ಡೆ ಇಲಿ ಅಂತ ಕರೆಯಬಹುದಾದ ಒಂದು ಪುಟ್ಟ ಇಲಿ ಒಂದೊಂದೇ ಕಲ್ಲನ್ನು ಬಾಯಲ್ಲಿ ಕಚ್ಚಿ ತಂದು ಜೋಡಿಸಿದ್ದು. ತನ್ನ ತೂಕದ ಅರ್ಧದಷ್ಟು ಭಾರದ ಕಲ್ಲನ್ನೂ ತರುತ್ತದೆ. ದಯವಿಟ್ಟು ಅದರ ಮೇಲೆ ಕಾಲಿಡಬೇಡಿ.

ಸಂಜೆ ಪಾರ್ಕಿನ ಹೊರಗೆ ಒಂದು ಮಣ್ಣು ದಾರಿ ಹಿಡಿದೆವು. ಹೆಚ್ಚು ಗಾಡಿ ಓಡಾಡದೆ ನಡುವೆ ಹುಲ್ಲು ಬೆಳೆದಿತ್ತು. ಹತ್ತು ಕಿಲೋಮೀಟರ್ ಆಗಿತ್ತು ಅಷ್ಟೇ, ಅಪ್ಪ ಮೂಗು ಅರಳಿಸಿದರು. "ನಿಲ್ಸಿ! ನಿನ್ನೆ ವಾಸನೆ ಬತ್ತೈತೆ." ನಮಗೇನೂ ಗೊತ್ತಾಗಿರಲಿಲ್ಲ. ಇಳಿದು ಬಗ್ಗಿ ನೋಡಿದರೆ ಕಾರಿನ ಕೆಳಗೆ, ಹೊಗೆ ಕೊಳವೆಯ ಸುತ್ತ ಸ್ಪಿನಿಫೆಕ್ಸ್ ಹಕ್ಕಿಗೂಡಿನ ಹಾಗೆ ಗಿಡಿದು ಕೂತಿತ್ತು. ಒಂದು ಎಳೆಯಿಂದ ತೆಳು ಹೊಗೆ. ಅಪ್ಪ ಅಂಗಾತ ಮಲಗಿ ಟೆಂಟಿನ ಗೂಟದಿಂದ ಕೆದಕಿ ಕೆದಕಿ ತೆಗೆದರು. ಇವರು ಕ್ಯಾನ್ ನೀರು ಚಿಮುಕಿಸಿದರು. ಬಿದ್ದ ಹುಲ್ಲನ್ನೆಲ್ಲಾ ನಾನು ಒದ್ದೆ ಮಾಡಿ, ಬರಿ ನೆಲದಲ್ಲಿ ಹರಡಿ, ಮಣ್ಣು ಮುಚ್ಚಿದೆ. ನನ್ನ ಕೈ ನಡುಗುತ್ತಿತ್ತು. ಈ ನಾಡಿನಲ್ಲಿ ಗಾಡಿಗಳು ಹೀಗೇ ಸುಟ್ಟು ಹೋಗುತ್ತವೆ, ಜೊತೆಗೆ ಗುಡ್ಡವೂ. ಹುಲ್ಲಿರುವ ದಾರಿಯಲ್ಲಿ ಹೋದರೆ ಆಗಾಗ ಇಳಿದು ಕೆಳಗೆ ನೋಡಲೇಬೇಕು. ಒಂದು ಕಬ್ಬಿಣದ ಕೊಕ್ಕೆ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ.

ಬಂದ ದಾರಿಯಲ್ಲೇ ವಾಪಸ್ ತಿರುಗಿದೆವು. ಮೂರು ಸಲ ನಿಲ್ಲಿಸಿ ನೋಡಿದೆವು. ಪ್ರತಿ ಸಲ ಮಲಗಿದ್ದು ಅಪ್ಪನೇ. ಬೇಡ ಅಂದರೂ ಕೇಳಲಿಲ್ಲ.

ಆರು ಮತ್ತು ಏಳನೇ ದಿನ

ಹೊರಡುವ ಮುಂಚೆ ಅಪ್ಪ ಆ ಸುಟ್ಟ ಜಾಗ ನೋಡಬೇಕು ಅಂದರು. ಹೋದೆವು. ಪೂರ್ತಿ ಆರಿತ್ತು. ಬಂಡೆ ಸಾಲಿನವರೆಗೆ ಹೋಗಿ ನಿಂತಿತ್ತು. ಕಪ್ಪು ನೆಲದ ನಡುನಡುವೆ ಸುಡದೆ ಉಳಿದ ಪೊದೆಗಳು. ಬಿಳಿ ಕಾಂಡದ ಸ್ನ್ಯಾಪಿ ಗಮ್ ಮರಗಳ ಬುಡ ಮಾತ್ರ ಕಪ್ಪಾಗಿತ್ತು, ಮೇಲಿನ ಎಲೆ ಹಸಿರಾಗಿಯೇ ಇತ್ತು. ಅಪ್ಪ ಬೂದಿಗೆ ಅಂಗೈ ಇಟ್ಟು ಶಾಖ ನೋಡಿದರು. ಎಷ್ಟೋ ವರ್ಷದ ಅಭ್ಯಾಸ. ಎರಡು ಮೂರು ಕಡೆ ಮುಟ್ಟಿ ನೋಡಿ, "ತಣ್ಣಗೈತೆ, ನಡಿರಿ" ಅಂದರು.

ವಾಪಸ್ ದಾರಿಯಲ್ಲಿ ಮೀಕಥರ್ರಾ ಅನ್ನುವ ಊರಿನಲ್ಲಿ ತಂಗಿದಾಗ ಬೆಟ್ಟದ ಸೋಲಿಗರ ಪೋಡಿನಲ್ಲಿರುವ ತಮ್ಮ ಹಳೆಯ ಜೊತೆಗಾರನಿಗೆ ಫೋನ್ ಮಾಡಿಸಿದರು. ಇಬ್ಬರೂ ಒಟ್ಟಿಗೆ ಬೆಂಕಿ ಕಾದವರು. "ಇಲ್ಲಿ ಬೆಂಕಿ ಹಾಕಕ್ಕೆ ಸಂಬಳ ಕೊಡ್ತಾರೆ ಕಣೋ" ಅಂದರು ಅಪ್ಪ. ಆ ಕಡೆಯಿಂದ ನಗು ಕೇಳಿಸಿತು. "ನಮ್ಮಜ್ಜ ದುಡ್ಡಿಲ್ದೆ ಹಾಕ್ತಿದ್ದ" ಅಂದರಂತೆ. ಅಜ್ಜ ಯಾವ ತಿಂಗಳಲ್ಲಿ ಹಾಕುತ್ತಿದ್ದ, ಯಾವ ಹೊತ್ತಿನಲ್ಲಿ, ಗಾಳಿ ಯಾವ ಕಡೆಯಿಂದ ಇದ್ದಾಗ, ಎಲ್ಲಾ ಕೇಳಿದರು. ಅರ್ಧ ಗಂಟೆ ಮಾತು. ಕೊನೆಗೆ ಮಳೆ ಹೇಗಿದೆ, ರಾಗಿ ಬಿತ್ತಿದ್ದಾಯಿತಾ ಅಂತ ವಿಚಾರಿಸಿ ಇಟ್ಟರು.

ಪರ್ತ್‌ಗೆ ಬಂದು ನಾಲ್ಕನೇ ದಿನ ಸ್ನಾನ ಮುಗಿಸಿ ಬಂದ ಅಪ್ಪ ಅಂಗೈ ಚಾಚಿದರು. ಕಾಲಿನಲ್ಲಿ ಉಳಿದಿದ್ದ ಆರನೇ ಸೂಜಿ ತಾನೇ ಹೊರಗೆ ಬಂದಿತ್ತು. ಎಳ್ಳಿನಷ್ಟು ಉದ್ದ, ಹಳದಿ. ಎಸೆಯಲು ಹೋದೆ. "ಇರಲಿ ಬಿಡವ್ವ" ಅಂದು ಕಾಗದದಲ್ಲಿ ಮಡಚಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು.